ಓತಿಕ್ಯಾತದ ಮೊಟ್ಟೆಗೆ ಹಸಿ ಗೋಣಿ

ಕಳೆದ ತಿಂಗಳು ವಕ್ಕಲೇರಿಯ ಹಾಲಿನ ಡೈರಿಯ ಮುಂದೆ ಕೋಲಾರದ ಬಸ್ಸಿಗಾಗಿ ನಿಂತಿದ್ದೆ. ಹಾಲು ಒಯ್ಯುವ ವಾಹನ ತಡವಾದುದರಿಂದ ಡೈರಿಯವರು ಕ್ಯಾನುಗಳ ಮೇಲೆ ನೀರಿನಲ್ಲಿ ಅದ್ದಿದ ಗೋಣಿಚೀಲಗಳನ್ನು ಹೊದಿಸುತ್ತಿದ್ದರು. ಒದ್ದೆಯಾದ ಸೆಣಬಿನ ಆ ವಾಸನೆ ಮೂಗಿಗೆ ತಾಗಿದ ಮೇಲೆ, ಬಸ್ಸು ಬಂದು, ಸೀಟು ಸಿಕ್ಕಿ, ಟಿಕೆಟು ಕೈಗೆ ಬರುವವರೆಗೂ ನಾನು ಬೇರೇನನ್ನೂ ಯೋಚಿಸಲಾರದೆ ಹೋದೆ. ಮೂರು ವರ್ಷಗಳ ಹಿಂದಿನ ಒಂದು ಮಳೆಗಾಲ, ಬೈರಕೂರಿನ ಹೊರಗಿನ ಒಂದು ಬಂಡೆಗುಡ್ಡ, ಹನ್ನೊಂದು ಗೂಡುಗಳು. ಆ ವರ್ಷದ ಸಂಗತಿಗಳನ್ನು ಕ್ರಮವಾಗಿ ಬರೆದಿಡಬೇಕೆಂದು ಹಲವು ಬಾರಿ ಅಂದುಕೊಂಡಿದ್ದೇನೆ. ನನ್ನದೇ ಒಂದು ತಪ್ಪು ಅವುಗಳ ನಟ್ಟನಡುವೆ ಕುಳಿತಿರುವುದರಿಂದ ಮುಂದೂಡುತ್ತ ಬಂದೆ.

ಆಗ ನನಗೆ ಐವತ್ತೊಂದು ವರ್ಷ. ಪ್ರೌಢಶಾಲೆಗಳಲ್ಲಿ ಇಪ್ಪತ್ತೈದು ವರ್ಷ ಕನ್ನಡ ಕಲಿಸಿದ ಮೇಲೆ ಧ್ವನಿಪೆಟ್ಟಿಗೆಯಲ್ಲಿ ಗಂಟುಗಳೆದ್ದವು. ಸ್ವಯಂನಿವೃತ್ತಿ ಪಡೆದು ಬೈರಕೂರಿನಲ್ಲಿ ಎರಡು ಕೋಣೆಗಳ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಅಗತ್ಯವಿದ್ದಷ್ಟೇ ಮಾತನಾಡಬೇಕೆಂದು ವೈದ್ಯರ ಕಟ್ಟಪ್ಪಣೆ. ಆದ್ದರಿಂದ ಒಂದು ಪುಟ್ಟ ಪುಸ್ತಕವನ್ನೂ ಪೆನ್ನನ್ನೂ ಸದಾ ಜೊತೆಗಿರಿಸಿಕೊಂಡು, ಹೇಳಬೇಕಾದುದನ್ನು ಬರೆದು ತೋರಿಸುವುದು ಅಭ್ಯಾಸವಾಯಿತು. ಅಂಗಡಿಯವರಿಗೆ ಬರೆದುಕೊಟ್ಟ ಚೀಟಿಯಲ್ಲಿಯೂ ಪೂರ್ಣವಿರಾಮವನ್ನು ಬಿಡುತ್ತಿರಲಿಲ್ಲ. ಮಾತಿಗಿಂತ ಬರಹವೇ ನನಗೆ ಒಪ್ಪುವಂಥದೆಂದು ಆ ದಿನಗಳಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮಾರ್ಚ್ ಕೊನೆಯ ವಾರ ಒಬ್ಬಳು ತರುಣಿ ಬೆನ್ನಿಗೆ ಚೀಲ, ಕೈಯಲ್ಲಿ ಮೀನಿನ ಗಾಳದ ಕೋಲು ಹಿಡಿದು ಬಾಗಿಲಲ್ಲಿ ನಿಂತಳು.

“ಟೀಚರ್, ಗುರುತು ಸಿಗ್ತಾ? ಪವಿತ್ರಾ. ಮಾಲೂರು, ಹತ್ತನೇ ಕ್ಲಾಸು, ಬಿ ಸೆಕ್ಷನ್. ನನ್ನ ಪ್ರಬಂಧಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ರಿ.”

ಯಾವ ವಿಷಯ ಎಂದು ಬರೆದು ತೋರಿಸಿದೆ.

“ನನ್ನ ಮೆಚ್ಚಿನ ಪ್ರಾಣಿ. ನಾನು ಓತಿಕ್ಯಾತ ಅಂತ ಬರ್ದಿದ್ದೆ. ಹಸು ಅಂತ ಬರ್ದವ್ರಿಗೆಲ್ಲ ಏಳು ಬಂತು.”

ಅಂಕಗಳನ್ನು ಪ್ರಾಣಿಗೆ ಕೊಟ್ಟದ್ದಲ್ಲ ಎಂದು ಬರೆದೆ. ಅವಳು ನಕ್ಕು, ಕೇಳದೆಯೇ ಒಳಗೆ ಬಂದು ಕುಳಿತಳು.

ಅವಳೀಗ ವಿಶ್ವವಿದ್ಯಾಲಯವೊಂದರಲ್ಲಿ ಬಂಡೆ ಓತಿಕ್ಯಾತದ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಹಿಂದಿನ ವರ್ಷ ಮಳೆ ಹಿಂದುಮುಂದಾಗಿ ಅವಳಿಗೆ ಎರಡೇ ಎರಡು ಗೂಡುಗಳು ಸಿಕ್ಕಿದ್ದವು. ಅವಳಿಗಿದ್ದ ಅವಧಿ ಬರುವ ಮಾರ್ಚಿಗೆ ಮುಗಿಯುತ್ತಿತ್ತು. “ಈ ಮಳೆಗಾಲ ತಪ್ಪಿದ್ರೆ ಮುಗೀತು ಟೀಚರ್. ಮಾಲೂರಿಗೆ ವಾಪಸ್ ಹೋಗಿ ಅಪ್ಪನ ಹೆಂಚಿನ ಫ್ಯಾಕ್ಟರಿ ಆಫೀಸಲ್ಲಿ ಫೋನ್ ಎತ್ಕೊಂಡು ಕೂರೋದೇ,” ಎಂದಳು. ಒಬ್ಬಳೇ ಓತಿಕ್ಯಾತಗಳನ್ನು ಹಿಡಿದು, ಗುರುತು ಮಾಡಿ, ಅದೇ ಕೈಯಲ್ಲಿ ಬರೆದುಕೊಳ್ಳುವುದು ಆಗದು. ದಾಖಲೆಯ ಪುಸ್ತಕವನ್ನು ನೋಡಿಕೊಳ್ಳುವವರು ಬೇಕು. ನನಗೆ ಕೆಲಸ ಬೇಕಿರಲಿಲ್ಲ; ಗೆರೆ ಎಳೆದು ಕೋಷ್ಟಕ ಹಾಕಬಹುದಾದ ಒಂದು ಪುಸ್ತಕ ಬೇಕಿತ್ತು. ಒಪ್ಪಿಕೊಂಡೆ.

ಊರಿನ ಪೂರ್ವಕ್ಕೆ, ಮಾವಿನ ತೋಪನ್ನು ದಾಟಿದರೆ, ಆನೆಗಳು ಒತ್ತೊತ್ತಾಗಿ ಮಲಗಿದಂತೆ ಕಾಣುವ ಗುಂಡುಬಂಡೆಗಳ ಗುಡ್ಡ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆ ಕಲ್ಲಿನ ಮೇಲೆ ಅಂಗೈ ಇಟ್ಟರೆ ಹಿಂದೆಗೆಯಬೇಕಾಗುತ್ತದೆ. ಓತಿಕ್ಯಾತಗಳು ಹೊರಬರುವುದು ಆಗಲೇ. ಗಂಡಿನ ತಲೆ, ಬೆನ್ನು ಕೆಂಡದ ಬಣ್ಣ; ಪಕ್ಕೆ, ಕಾಲುಗಳು ಕಪ್ಪು. ಪ್ರತಿಯೊಂದೂ ಒಂದೊಂದು ಬಂಡೆಯ ತುದಿಯನ್ನು ಆರಿಸಿಕೊಂಡು, ಮುಂಗಾಲುಗಳ ಮೇಲೆ ಎದ್ದು ಎದ್ದು ಕುಗ್ಗಿ, ತಲೆಯಾಡಿಸುತ್ತಿತ್ತು. ಇನ್ನೊಂದು ಗಂಡು ಎದುರಿಗೆ ಬಂದರೆ ಎರಡೂ ನೋಡನೋಡುತ್ತಿದ್ದಂತೆ ಬಣ್ಣ ಬದಲಿಸುತ್ತಿದ್ದವು. ಹೆಣ್ಣು ಬಂದಾಗ ಮತ್ತೆ ಕೆಂಪು, ಕಪ್ಪು. ಹೆಣ್ಣು ಮಾತ್ರ ಕಲ್ಲಿನದೇ ಬಣ್ಣದ್ದು; ಅಲುಗದಿದ್ದರೆ ಕಾಣುವುದೇ ಇಲ್ಲ. ಪವಿತ್ರಾ ಗಾಳದ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ, ಉಸಿರು ಬಿಗಿಹಿಡಿದು ಅದನ್ನು ಓತಿಕ್ಯಾತದ ಕೊರಳಿಗೆ ಇಳಿಸುವಳು. ಅಳತೆ ತೆಗೆದು, ಬೆನ್ನಿಗೆ ಎರಡು ಬಣ್ಣಗಳ ಉಗುರುಬಣ್ಣದ ಚುಕ್ಕೆಗಳನ್ನಿಟ್ಟು, ಹಿಡಿದಲ್ಲಿಯೇ ಬಿಡುವಳು. ಮುಳಬಾಗಿಲಿನ ಫ್ಯಾನ್ಸಿ ಅಂಗಡಿಯಲ್ಲಿ ನಾವು ಹದಿನಾಲ್ಕು ಬಣ್ಣಗಳ ಸೀಸೆಗಳನ್ನು ಒಮ್ಮೆಗೇ ಕೊಂಡಾಗ ಅಂಗಡಿಯವನು, “ಮದ್ವೇನಾ ಮೇಡಂ?” ಎಂದು ಕೇಳಿದ.

“ಹೂಂ, ಬೈರಕೂರಲ್ಲಿ. ನಲವತ್ತು ಜೋಡಿ,” ಎಂದಳು ಪವಿತ್ರಾ.

ಬಿಸಿಲೇರಿ ಪ್ರಾಣಿಗಳು ಸಂದಿಗಳಿಗೆ ಸರಿದ ಮೇಲೆ ನಾವು ಬಂಡೆಯೊಂದರ ನೆರಳಿನಲ್ಲಿ ಕುಳಿತಿರುತ್ತಿದ್ದೆವು. ಓತಿಕ್ಯಾತಗಳ ಕುಲದ ವಿಚಾರವನ್ನು ಅವಳು ಹೇಳಿದ್ದು ಅಲ್ಲಿ. ಒಂದು ದಿನ ಸತ್ತ ಗಂಡೊಂದರ ಒಣಗಿದ ದವಡೆಯನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದಳು. ನಮ್ಮ ಹಲ್ಲುಗಳಂತೆ ಅವು ಕುಳಿಗಳಲ್ಲಿ ನಿಂತಿರಲಿಲ್ಲ. ದವಡೆಯ ಏಣಿನ ಮೇಲೆಯೇ ಬೆಸೆದುಕೊಂಡಿದ್ದವು. ಮುಂದಿನ ಕೆಲವು ಮಾತ್ರ ಬಿದ್ದು ಹುಟ್ಟುತ್ತವೆ. ಹಿಂದಿನವು ಸವೆದರೆ ಸವೆದವೇ, ಹೊಸತು ಬರುವುದಿಲ್ಲ. ಗೋಡೆಯ ಮೇಲಿನ ಹಲ್ಲಿಗೆ ಬಾಲ ಕಳಚಿ ಮತ್ತೆ ಬೆಳೆಯುವಂತೆ ಇದಕ್ಕೆ ಬಾಲ ಬೆಳೆಯುವುದೂ ಇಲ್ಲ. ಈ ಬಗೆಯ ಹಲ್ಲು ಇರುವ ಇನ್ನೊಂದು ಹತ್ತಿರದ ಕುಲವೆಂದರೆ ಗೋಸುಂಬೆಗಳದು. ಅವೆರಡೂ ಒಂದೇ ಪೂರ್ವಿಕರಿಂದ ಕವಲೊಡೆದವು. ಅಮೆರಿಕದ ಇಗ್ವಾನಗಳು ಮೈಕಟ್ಟಿನಲ್ಲಿ, ತಲೆಯಾಡಿಸುವ ಠೀವಿಯಲ್ಲಿ ನಮ್ಮ ಓತಿಕ್ಯಾತಗಳ ಪಡಿಯಚ್ಚಿನಂತಿದ್ದರೂ ಅವುಗಳ ಹಲ್ಲುಗಳು ದವಡೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಅವು ದೂರದ ದಾಯಾದಿಗಳು.

ನನಗಿದು ಹೊಸ ಪಾಠವೆನಿಸಲಿಲ್ಲ. ನಮ್ಮ ‘ಹಾವು’ ತೆಲುಗಿನಲ್ಲಿ ‘ಪಾಮು’, ನಮ್ಮ ‘ಹಾಲು’ ಅಲ್ಲಿ ‘ಪಾಲು’. ನೋಟಕ್ಕೆ ಬೇರೆಯಾದರೂ ಇವು ಒಂದೇ ಬೇರಿನವು. ಎರಡೂ ಭಾಷೆಗಳಲ್ಲಿ ‘ಬಸ್ಸು’ ಇದೆಯೆಂಬುದು ಮಾತ್ರ ಯಾವ ಸಂಬಂಧವನ್ನೂ ಹೇಳುವುದಿಲ್ಲ. ಸಾಮ್ಯವೆಲ್ಲವೂ ಬಂಧುತ್ವವಲ್ಲವೆಂದು ನಾನು ವರ್ಷಗಟ್ಟಲೆ ಕಲಿಸಿದ್ದೆ. ಅದಕ್ಕೆ ಹಲ್ಲು ಸಾಕ್ಷಿ ಹೇಳುವುದನ್ನು ಅಂದು ಕಂಡೆ.

ಈ ಕುಲ ನಮ್ಮ ನೆಲಕ್ಕೆ ಬಂದುದು ಹೇಗೆಂಬ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ ಎಂದಳು. ಭಾರತ ದಕ್ಷಿಣದ ಮಹಾಖಂಡದಿಂದ ಬೇರ್ಪಟ್ಟು ಸಮುದ್ರದಲ್ಲಿ ತೇಲುತ್ತ ಬಂದಾಗ ಇವುಗಳ ಪೂರ್ವಿಕರೂ ಅದರ ಮೇಲಿದ್ದರೆಂದು ಕೆಲವರು ಹೇಳುತ್ತಿದ್ದರು. ಏಷ್ಯಕ್ಕೆ ಭಾರತ ತಾಗಿದ ಮೇಲೆ ಪೂರ್ವದ ಕಾಡುಗಳಿಂದ ಇಳಿದು ಬಂದರೆಂಬುದಕ್ಕೆ ಈಗ ಹೆಚ್ಚು ಒಲವು. ಬಂದವು ಹರಡಿಕೊಂಡವು. ಪಕ್ಕೆಲುಬುಗಳನ್ನು ರೆಕ್ಕೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಘಟ್ಟದ ಓತಿಯೂ, ಬೇಲಿಯ ಮೇಲಿನ ಓತಿಕ್ಯಾತವೂ, ಕಲ್ಲನ್ನು ಆರಿಸಿಕೊಂಡ ಇದೂ ಒಂದೇ ಮನೆತನದವು.

“ಈ ಕಲ್ಲು ಓತಿಕ್ಯಾತಕ್ಕಿಂತ ಹಳೇದು ಟೀಚರ್. ಎಷ್ಟು ಹಳೇದು ಅಂದ್ರೆ, ಇದು ಹುಟ್ಟಿದಾಗ ಭೂಮಿ ಮೇಲೆ ಬೆನ್ನುಮೂಳೆ ಅನ್ನೋದೇ ಇರ್ಲಿಲ್ಲ. ಇಷ್ಟು ಹಳೇ ಕಲ್ಲಿನ ಮೇಲೆ ಈ ಗಂಡು ಇರೋದು ಒಂದು ವರ್ಷ, ಸ್ವಲ್ಪ ಜಾಸ್ತಿ. ಈಗ ಕುಣೀತಿರೋವು ಬಹುಪಾಲು ಮುಂದಿನ ಬೇಸಿಗೆ ನೋಡಲ್ಲ.”

ಹಾಗಾದರೆ ಮಳೆಗಾಲದಲ್ಲಿ ಮಣ್ಣೊಳಗಿರುವ ಮೊಟ್ಟೆಗಳೇ ಈ ಗುಡ್ಡದ ಇಡೀ ಓತಿಕ್ಯಾತ ಸಂತತಿಯೇ ಎಂದು ಬರೆದು ಕೇಳಿದೆ.

“ಹೆಚ್ಚುಕಮ್ಮಿ ಅಷ್ಟೇ. ಅದಕ್ಕೇ ನಾನು ಮೊಟ್ಟೆ ಹಿಂದೆ ಬಿದ್ದಿರೋದು.”

ಅವಳ ಪ್ರಶ್ನೆ ಸರಳವಾಗಿತ್ತು. ಬಿಸಿಲು ಬೀಳುವ ಮಣ್ಣಿನಲ್ಲಿಟ್ಟ ಮೊಟ್ಟೆಗೂ ಬಂಡೆಯ ನೆರಳಿನ ಮಣ್ಣಿನಲ್ಲಿಟ್ಟ ಮೊಟ್ಟೆಗೂ ಒಡೆಯುವ ದಿನದಲ್ಲಿ, ಮರಿಯ ಗಾತ್ರದಲ್ಲಿ ಎಷ್ಟು ವ್ಯತ್ಯಾಸ? ಅದಕ್ಕೆ ಪ್ರತಿ ಗೂಡಿನ ಪಕ್ಕದ ಮಣ್ಣಿನ ಉಷ್ಣತೆಯನ್ನು ದಿನಕ್ಕೆ ಎರಡು ಬಾರಿ, ಒಂದು ದಿನವೂ ತಪ್ಪದೆ, ಮರಿಗಳು ಹೊರಬರುವವರೆಗೆ ಬರೆದಿಡಬೇಕಿತ್ತು.

ಗುಡ್ಡದ ಬುಡದಲ್ಲಿ ಶ್ರೀರಾಮಪ್ಪ, ಮುನಿರತ್ನಮ್ಮ ದಂಪತಿಗಳ ಹಿಪ್ಪುನೇರಳೆ ತೋಟವೂ ರೇಷ್ಮೆ ಹುಳು ಸಾಕುವ ಮನೆಯೂ ಇದ್ದವು. ಮುನಿರತ್ನಮ್ಮ ಆಂಧ್ರದ ಗಡಿಯಾಚೆಯ ಹಳ್ಳಿಯಿಂದ ಬಂದ ಸೊಸೆ. ಓತಿಕ್ಯಾತವನ್ನು ಆಕೆ ತೆಲುಗಿನವರಂತೆ ‘ತೊಂಡ’ ಎನ್ನುತ್ತಿದ್ದಳು. ಮೊದಲ ದಿನ ಸೊಪ್ಪಿನ ಹೊರೆ ಹೊತ್ತು ನಿಂತು ಪವಿತ್ರಾಳನ್ನು ಬಹಳ ಹೊತ್ತು ನೋಡಿದಳು.

“ಏಮ್ಮಾ, ತೊಂಡಕ್ಕೆ ಗಾಳ ಹಾಕ್ತಿದ್ದೀಯಾ? ಮೀನು ಬೇಕಾದ್ರೆ ಕೆರೆ ಆ ಕಡೆ ಐತೆ.”

“ತಿನ್ನಕ್ಕಲ್ಲಕ್ಕಾ. ಬಣ್ಣ ಹಚ್ಚಿ ಬಿಡ್ತೀನಿ.”

“ಅದರ ಬಣ್ಣ ಸಾಲ್ದಾ? ನನ್ ಕೈ ನೋಡು, ಮದ್ವೆ ದಿನ ಬಿಟ್ರೆ ಬಣ್ಣಾನೇ ಕಂಡಿಲ್ಲ. ತೊಂಡ ಪುಣ್ಯ ಮಾಡೈತೆ.”

ಪವಿತ್ರಾ ಅಲ್ಲಿಯೇ ಕುಳಿತು ಆಕೆಯ ಹತ್ತು ಉಗುರುಗಳಿಗೂ ಬಣ್ಣ ಹಚ್ಚಿದಳು. ಅಂದಿನಿಂದ ಮುನಿರತ್ನಮ್ಮ ನಮ್ಮ ಮೂರನೆಯವಳಾದಳು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತುಗಳ ನಡುವೆ ಗುಡ್ಡ ಹತ್ತಿ ಬಂದು, ಯಾವ ಚುಕ್ಕೆಯವಳು ಎಲ್ಲಿ ಹೋದಳೆಂದು ನಮಗಿಂತ ಮೊದಲು ಹೇಳುತ್ತಿದ್ದಳು.

ಜುಲೈ ಮೊದಲಲ್ಲಿ ಎರಡು ಒಳ್ಳೆಯ ಮಳೆಗಳಾದವು. ಮಣ್ಣು ಮೆತ್ತಗಾದ ಮೂರನೆಯ ಬೆಳಿಗ್ಗೆ ಹೆಣ್ಣುಗಳು ಬಂಡೆಗಳಿಂದ ಕೆಳಗಿಳಿದವು. ಒಂದು ಹೆಣ್ಣು ನಾಲ್ಕು ಕಡೆ ಕೆದಕಿ ನೋಡಿ, ಐದನೆಯ ಕಡೆ ಗೇಣುದ್ದ ತೋಡಿ, ಮೊಟ್ಟೆಯಿಟ್ಟು, ಮಣ್ಣೆಳೆದು, ಮೂತಿಯಿಂದ ಕುಟ್ಟಿ ಕುಟ್ಟಿ ಸಮಮಾಡಿತು. ಆಮೇಲೆ ಹಿಂದಿರುಗಿ ನೋಡದೆ ಹೋಯಿತು. ಎರಡು ವಾರಗಳಲ್ಲಿ ಇಂಥ ಹನ್ನೊಂದು ಗೂಡುಗಳನ್ನು ಗುರುತಿಸಿದೆವು. ಹನ್ನೊಂದರ ತಾಯಂದಿರೂ ಬಣ್ಣದ ಚುಕ್ಕೆಗಳ ಗುರುತಿದ್ದವರು. ನಾನು ಅವುಗಳಿಗೆ ಅಕಾರದಿಂದ ಒಕಾರದವರೆಗೆ ಸ್ವರಗಳ ಹೆಸರಿಟ್ಟೆ.

“ಋ ಒಂದು ಬಿಟ್ಬಿಡಿ ಟೀಚರ್, ಕಂಪ್ಯೂಟರ್‌ನಲ್ಲಿ ಕಷ್ಟ,” ಎಂದಳು ಪವಿತ್ರಾ.

ನಾನು ಬಿಡಲಿಲ್ಲ.

ಆಗಸ್ಟ್ ಎರಡನೆಯ ವಾರ, ಮೊಟ್ಟೆಗಳು ಇನ್ನೇನು ಕೊನೆಯ ಹಂತದಲ್ಲಿರುವಾಗ, ಪವಿತ್ರಾಳಿಗೆ ವಿಶ್ವವಿದ್ಯಾಲಯದಿಂದ ಕರೆ ಬಂತು. ಏಳು ದಿನ ಅಲ್ಲಿರಬೇಕು. ಹೋಗುವ ಮುನ್ನ, “ನೀವಿದ್ದೀರಲ್ಲ, ಸಾಕು,” ಎಂದು ಥರ್ಮಾಮೀಟರನ್ನು ನನ್ನ ಕೈಯಲ್ಲಿಟ್ಟಳು. ಅವಳು ಹೋದ ಮರುದಿನ ಕೋಲಾರದ ಆಸ್ಪತ್ರೆಯಿಂದ ಫೋನು ಬಂತು. ನನ್ನ ಗಂಟಲಿನ ಗಂಟುಗಳ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದ ದಿನಕ್ಕಿಂತ ಮೊದಲೇ ಆಗುತ್ತದೆ, ನಾಳೆಯೇ ಬರಬೇಕು. ನಾಲ್ಕು ದಿನ ಅಲ್ಲಿ, ಆಮೇಲೆ ಮೂರು ವಾರ ಸಂಪೂರ್ಣ ಮೌನ. ಬಿಟ್ಟರೆ ಮತ್ತೆ ಎರಡು ತಿಂಗಳು ಕಾಯಬೇಕು.

ನಾನು ಮಾಡಿದುದನ್ನು ಹೇಳುತ್ತೇನೆ. ಗೆರೆಯ ಹಾಳೆಯೊಂದರಲ್ಲಿ ಒಂಬತ್ತು ಅಂಶಗಳ ಸೂಚನೆಯನ್ನು ಬರೆದೆ. ಒಳ್ಳೆಯ ಗದ್ಯವೆಂದು ಅನಿಸಿತು. ಗೂಡುಗಳನ್ನು ಮುಟ್ಟತಕ್ಕದ್ದಲ್ಲ, ಅನವಶ್ಯಕ ಆರ್ದ್ರತೆಯಿಂದ ಅವುಗಳನ್ನು ಸಂರಕ್ಷಿಸತಕ್ಕದ್ದು, ಥರ್ಮಾಮೀಟರಿನ ಅಂಕಿಗಳನ್ನು ನಿಗದಿತ ಅಂಕಣದಲ್ಲಿ ನಮೂದಿಸತಕ್ಕದ್ದು. ಹಾಳೆಯನ್ನೂ ಥರ್ಮಾಮೀಟರನ್ನೂ ಮುನಿರತ್ನಮ್ಮನ ಕೈಗೆ ಕೊಟ್ಟು, ಗುಡ್ಡದ ಕಡೆ ಕೈ ತೋರಿಸಿದೆ. ಆಕೆ ಹಾಳೆಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.

“ನೀವು ಆಸ್ಪತ್ರೆ ನೋಡ್ಕೊಳ್ಳಿ ಟೀಚರಮ್ಮ. ಇಲ್ಲಿ ನಾನಿದ್ದೀನಿ. ಮೊಟ್ಟೆ ನೋಡೋದು ನಂಗೆ ಹೊಸದಾ?”

ಈ ಕೊನೆಯ ಮಾತಿನಲ್ಲಿ ನನಗೆ ಧೈರ್ಯವೇ ಬಂತು. ಆಗ ನನಗೆ ಮಾತನಾಡಲು ಅನುಮತಿಯಿತ್ತು. ಹತ್ತು ವಾಕ್ಯಗಳನ್ನಾಡಿದ್ದರೆ ಗಂಟಲಿಗೇನೂ ಆಗುತ್ತಿರಲಿಲ್ಲ. ಆಡಲಿಲ್ಲ. ಬರೆದುಕೊಟ್ಟಾಗಿದೆಯಲ್ಲ ಎಂಬ ನೆಮ್ಮದಿಯಲ್ಲಿ ಬಸ್ಸು ಹತ್ತಿದೆ.

ಐದನೆಯ ದಿನ ಸಂಜೆ ನಾಲ್ಕಕ್ಕೆ ಹಿಂದಿರುಗಿ ನೇರವಾಗಿ ಗುಡ್ಡಕ್ಕೆ ಹೋದೆ. ಹನ್ನೊಂದು ಗೂಡುಗಳ ಮೇಲೂ ಒಂದೊಂದು ಗೋಣಿ. ಪ್ರತಿ ಗೋಣಿಯ ನಾಲ್ಕು ಮೂಲೆಗಳಿಗೂ ಒಂದೊಂದು ಕಲ್ಲು. ಎಲ್ಲವೂ ನೀರು ಕುಡಿದು ಕಪ್ಪಾಗಿದ್ದವು. ಮುನಿರತ್ನಮ್ಮ ಬಿಂದಿಗೆಯಿಂದ ಕೊನೆಯ ಗೋಣಿಗೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಮುಖವರಳಿಸಿದಳು.

“ನೋಡ್ರಿ ಟೀಚರಮ್ಮ, ಎಂಗೆ ತಣ್ಣಗೆ ಇಟ್ಟಿದ್ದೀನಿ. ನೀವು ಹೋದ ದಿನದಿಂದ ಬಿಸಿಲು ಅಂದ್ರೆ ಬಿಸಿಲು. ಮಣ್ಣು ಮುಟ್ಟಿದ್ರೆ ಕೈ ಸುಡ್ತೈತೆ, ಪಾಪ ಒಳಗೆ ಬೆಂದೋಗ್ತವೆ ಅಂತ.”

ರೇಷ್ಮೆ ಸಾಕುವವರು ಹುಳುವಿನ ಮೊಟ್ಟೆಗಳು ಅಂಟಿರುವ ಹಾಳೆಗಳನ್ನು ತಂಪಿನಲ್ಲಿ, ಹಸಿ ಗೋಣಿಯ ಪಕ್ಕದಲ್ಲಿ ಇಡುತ್ತಾರೆ. ಒಡೆಯುವ ಸಮಯ ಹತ್ತಿರವಾದಾಗ ಕಪ್ಪು ಬಟ್ಟೆ ಸುತ್ತಿ ಕತ್ತಲು ಮಾಡುತ್ತಾರೆ. ಬೆಳಕಿಗೆ ತೆರೆದ ಬೆಳಿಗ್ಗೆ ಎಲ್ಲ ಹುಳುಗಳೂ ಒಟ್ಟಿಗೆ ಹೊರಬರಬೇಕು. ಇಪ್ಪತ್ತು ವರ್ಷ ಹಾಗೆ ಮಾಡಿದ ಕೈ ಓತಿಕ್ಯಾತದ ಮೊಟ್ಟೆಗೂ ಅದನ್ನೇ ಮಾಡಿತ್ತು. ಮಣ್ಣಿನ ಬಿಸಿಯೇ ಆ ಮೊಟ್ಟೆಗಳನ್ನು ಬೆಳೆಸುತ್ತದೆಂದು, ಮಣ್ಣು ಕೆಸರಾದರೆ ಅವು ಒಳಗೇ ಉಸಿರುಗಟ್ಟಿ ಬೂಷ್ಟು ಹಿಡಿಯುತ್ತವೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ನನಗೆ ಮಾತನಾಡುವಂತಿರಲಿಲ್ಲ. ಪುಸ್ತಕದಲ್ಲಿ, ನಾನು ಕೊಟ್ಟ ಹಾಳೆಯನ್ನು ಓದಲಿಲ್ಲವೇ ಎಂದು ಬರೆದು ಹಿಡಿದೆ. ಆಕೆ ಅಕ್ಷರಗಳನ್ನು ನೋಡಿದಳು. ನನ್ನ ಮುಖವನ್ನು ನೋಡಿದಳು.

“ನಂಗೆ ಕನ್ನಡ ಓದಕ್ಕೆ ಬರಲ್ಲ ಟೀಚರಮ್ಮ. ತೆಲುಗೂ ನಾಕನೇ ಕ್ಲಾಸೇ.”

ಹಾಳೆ ಎಲ್ಲಿ ಎಂದು ಕೈಸನ್ನೆ ಮಾಡಿದೆ. ಹುಳುಮನೆಯ ಗೋಡೆಯ ಮೇಲೆ, ದೇವರ ಪಟದ ಚೌಕಟ್ಟಿಗೆ ಅದನ್ನು ಸಿಕ್ಕಿಸಿದ್ದಳು. ಮೂಲೆಯಲ್ಲಿ ಕುಂಕುಮ ತಾಗಿತ್ತು. ಹತ್ತನೆಯ ತರಗತಿ ಮುಗಿಸಿದ್ದ ಶ್ರೀರಾಮಪ್ಪ ಅದನ್ನು ಇಳಿಸಿ, ಬೆಳಕಿಗೆ ಹಿಡಿದು, ಎರಡನೆಯ ಅಂಶವನ್ನು ನಿಧಾನವಾಗಿ ಓದಿದ. ಓದಿ ತಲೆ ಕೆರೆದುಕೊಂಡ.

“ಅಂದ್ರೆ ನೀರು ಹಾಕ್ಬೇಕು ಅಂತಾನಾ, ಹಾಕ್ಬಾರ್ದು ಅಂತಾನಾ?”

ಹಾಕಬಾರದೆಂದು ಕೈಯಾಡಿಸಿ ತೋರಿಸಿದೆ.

“ಹುಳುಮನೆಗೆ ಹಾಕೋ ಬ್ಲೀಚಿಂಗ್ ಪೌಡರೂ ಹಾಕ್ತೀನಿ ಅಂತಿದ್ಲು, ನಾನೇ ಬೇಡ ಕಣೇ ಅಂದೆ,” ಎಂದ ಶ್ರೀರಾಮಪ್ಪ, ತನ್ನ ಕಡೆಯಿಂದಾದ ಉಪಕಾರವೆಂಬಂತೆ.

ಗೋಣಿಗಳನ್ನು ನಾವು ಮೂವರೂ ಸೇರಿ ತೆಗೆದೆವು. ಮುನಿರತ್ನಮ್ಮ ಒಂದೇ ಪ್ರಶ್ನೆ ಕೇಳಿದಳು: “ಸತ್ತೋಗ್ತವಾ?” ಗೊತ್ತಿಲ್ಲವೆಂದು ತಲೆಯಾಡಿಸಿದೆ. “ನಾನು ಸಾಕಿದ್ದು ಯಾವ್ದೂ ಮೊಟ್ಟೆಲೇ ಸತ್ತಿಲ್ಲ,” ಎಂದಳು, ನನಗೆ ಹೇಳಿದ್ದಲ್ಲ.

ಮರುದಿನ ಮಧ್ಯಾಹ್ನ ಮೇಜಿನ ಮುಂದೆ ಕುಳಿತು ದಾಖಲೆಯ ಪುಸ್ತಕವನ್ನು ತೆರೆದೆ. ನಾಲ್ಕು ದಿನ, ದಿನಕ್ಕೆ ಎರಡು ಬಾರಿ, ಹನ್ನೊಂದು ಗೂಡುಗಳು. ಎಂಬತ್ತೆಂಟು ಖಾಲಿ ಮನೆಗಳು. ಪವಿತ್ರಾ ಬರುವುದು ಮಾರನೆಯ ದಿನ. ಹಿಂದಿನ ವಾರದ ಬಿಸಿಲೂ ಈ ನಾಲ್ಕು ದಿನಗಳ ಬಿಸಿಲೂ ಒಂದೇ ಬಗೆಯವು; ಗೋಣಿಯಿಲ್ಲದಿದ್ದರೆ ಉಷ್ಣತೆ ಎಷ್ಟಿರುತ್ತಿತ್ತೆಂದು ಊಹಿಸುವುದು ಕಷ್ಟವಿರಲಿಲ್ಲ. ಹೀಗೆ ಮಾಡಿದರೆ ಮುನಿರತ್ನಮ್ಮನ ಮೇಲೆ ಅಪವಾದ ಬರುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಆದರೆ ನಾನು ಮುಚ್ಚಲು ಹೊರಟಿದ್ದುದು ಮುಖ್ಯವಾಗಿ ಆಕೆಯನ್ನಲ್ಲ. ಎಂಬತ್ತೆಂಟು ಮನೆಗಳನ್ನೂ ತುಂಬಿಸಿದೆ. ಪೆನ್ಸಿಲಿನಲ್ಲಿ ತುಂಬಿಸಿದೆ, ಪೆನ್ನಿಗೆ ಕೈ ಹೋಗಲಿಲ್ಲ. ನಕಲು ಮಾಡಿದ ವಿದ್ಯಾರ್ಥಿಗಳನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ಕಾಲದಲ್ಲಿ ನನಗೆ ತಿಳಿಯದಿದ್ದ ಒಂದು ವಿಷಯ ಅಂದು ತಿಳಿಯಿತು: ಆ ಕೆಲಸದಲ್ಲಿ ಕೈ ಎಳ್ಳಷ್ಟೂ ನಡುಗುವುದಿಲ್ಲ.

ಮಾರನೆಯ ದಿನ ಪವಿತ್ರಾ ಬಸ್ಸಿನಿಂದಿಳಿದು ನನ್ನ ಮನೆಗೆ ಬರುವ ಮೊದಲೇ ದಾರಿಯಲ್ಲಿ ಮುನಿರತ್ನಮ್ಮ ಸಿಕ್ಕಿದ್ದಳು. ಏನನ್ನೂ ಬಚ್ಚಿಡದೆ ಗೋಣಿ, ನೀರು, ನಾಲ್ಕು ದಿನ ಎಲ್ಲವನ್ನೂ ಹೇಳಿದ್ದಳು. ಪವಿತ್ರಾ ಬಂದು ಚಪ್ಪಲಿಯನ್ನೂ ಬಿಡದೆ ಪುಸ್ತಕ ತೆರೆದಳು. ಪೆನ್ಸಿಲಿನ ಅಂಕಿಗಳ ಮೇಲೆ ಬೆರಳಾಡಿಸಿದಳು. ಅವಳ ಮುಖ ನೋಡದೆ ನಾನು ಅವಳ ಬೆರಳನ್ನೇ ನೋಡುತ್ತಿದ್ದೆ.

“ಟೀಚರ್, ಮಂಗಳವಾರ ನೀವು ಕೋಲಾರದಲ್ಲಿದ್ರಿ.”

ನಾನು ಹೌದೆಂದು ತಲೆಯಾಡಿಸಿದೆ.

“ರಬ್ಬರ್ ಎಲ್ಲಿ?”

ತಂದುಕೊಟ್ಟೆ. ಅವಳು ಅದನ್ನು ತೆಗೆದುಕೊಳ್ಳದೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಎಂಬತ್ತೆಂಟು ಮನೆಗಳನ್ನೂ ನಾನೇ ಅಳಿಸಿದೆ. ಅಳಿಸಿ ಮುಗಿಯುವವರೆಗೂ ಅವಳು ಎದುರಿಗೇ ಕುಳಿತಿದ್ದಳು. ಆಮೇಲೆ ಪುಡಿಯನ್ನು ಊದಿ, “ಬನ್ನಿ, ಅಕ್ಕನ ಹತ್ರ ಹೋಗೋಣ. ಅವ್ರು ಹೇಳ್ಲಿ, ನೀವು ಬರ್ಕೊಳ್ಳಿ,” ಎಂದಳು. ದನಿ ಒರಟಾಗಿರಲಿಲ್ಲ. ಕಣ್ಣುಗಳು ಮಾತ್ರ ಕೆಂಪಾಗಿದ್ದವು. ಎರಡು ವರ್ಷಗಳ ಕೆಲಸ ಆ ನಾಲ್ಕು ದಿನಗಳಲ್ಲಿ ಹೋಗಿತ್ತೋ ಉಳಿದಿತ್ತೋ ಅವಳಿಗೂ ತಿಳಿದಿರಲಿಲ್ಲ.

ಹುಳುಮನೆಯ ಜಗಲಿಯಲ್ಲಿ ಕುಳಿತೆವು. ಪವಿತ್ರಾ ಕೇಳಿದಳು: ಯಾವ ಹೊತ್ತಿಗೆ, ಎಷ್ಟು ನೀರು, ಯಾವ ಗೂಡಿಗೆ ಮೊದಲು? ಮುನಿರತ್ನಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. ಆಕೆಯ ದಿನ ಸೊಪ್ಪು ಹಾಕುವ ಹೊತ್ತುಗಳಿಂದಲೇ ಆದದ್ದು.

“ಬೆಳಿಗ್ಗೆ ಮೊದಲ್ನೇ ಸೊಪ್ಪು ಹಾಕಿ ಒಂದು ಬಿಂದಿಗೆ, ಹನ್ನೊಂದಕ್ಕೂ ಸಮ. ಹನ್ನೊಂದು ಗಂಟೆ ಸೊಪ್ಪಾದ್ಮೇಲೆ ಇನ್ನೊಂದು. ಸಂಜೆ ಒಂದು. ಬುಧವಾರ ಗಾಳಿಗೆ ಹಸಿರು ಚುಕ್ಕೆ, ಬಿಳಿ ಚುಕ್ಕೆಯವಳ ಮನೆ ಗೋಣಿ ಹಾರೋಗಿತ್ತು, ಮಧ್ಯಾಹ್ನದವರೆಗೂ ನೋಡಿರ್ಲಿಲ್ಲ. ಕೆಂಪು, ನೀಲಿ ಚುಕ್ಕೆಯವಳ್ದು ತಗ್ಗಲ್ಲೈತಲ್ಲ, ಅಲ್ಲಿ ನೀರು ನಿಂತುಬಿಡ್ತಿತ್ತು. ನಾನು ಒಳ್ಳೇದೇ ಅಂದ್ಕೊಂಡೆ.”

ನಾನು ಗೂಡುಗಳಿಗೆ ಸ್ವರಗಳ ಹೆಸರಿಟ್ಟಿದ್ದೆ. ಆಕೆ ಪ್ರತಿಯೊಂದನ್ನೂ ಅದರ ತಾಯಿಯಿಂದ ಗುರುತಿಟ್ಟುಕೊಂಡಿದ್ದಳು. ಆಕೆ ಹೇಳಿದುದನ್ನು ಹೇಳಿದಂತೆಯೇ ಬರೆದುಕೊಂಡೆ. ಒಂದು ಪದವನ್ನೂ ತಿದ್ದಲಿಲ್ಲ.

ಮರಿಗಳು ಬರಬೇಕಾದ ದಿನಗಳು ಕಳೆದವು. ಒಂದು ವಾರ ಮೇಲಾಯಿತು. ಮುನಿರತ್ನಮ್ಮ ದಿನಕ್ಕೆ ನಾಲ್ಕು ಬಾರಿ ಗುಡ್ಡಕ್ಕೆ ಬಂದು ನಿಂತು ಹೋಗುತ್ತಿದ್ದಳು. ಯಾವ ಗೂಡನ್ನೂ ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ತುಂತುರು ನಿಂತ ಮೇಲೆ, ಉಕಾರದ ಗೂಡಿನ ಮಣ್ಣು ಅಲುಗಿತು. ಬೆರಳಿನ ಗಾತ್ರವೂ ಇಲ್ಲದ ಒಂದು ತಲೆ ಮೇಲೆದ್ದಿತು. ಮೈಯ ಅರ್ಧ ಇನ್ನೂ ಮಣ್ಣಿನಲ್ಲಿರುವಾಗಲೇ ಅದು ಸುತ್ತ ನೋಡಿತು. ಪೂರ್ತಿ ಹೊರಬಂದ ಮೇಲೆ ಹತ್ತಿರದ ಕಲ್ಲನ್ನೇರಿ ತಲೆಯಾಡಿಸಿತು. ಕಲಿಸಲು ತಾಯಿಯಿರಲಿಲ್ಲ, ತಂದೆಯಿರಲಿಲ್ಲ. ಏಪ್ರಿಲ್‌ನಲ್ಲಿ ಕೆಂಪಾಗಿ ಕುಣಿದಿದ್ದ ಗಂಡುಗಳಲ್ಲಿ ಹೆಚ್ಚಿನವು ಆಗಲೇ ಕಾಣದಾಗಿದ್ದವು.

ಎಂಟು ಗೂಡುಗಳಿಂದ ಮರಿಗಳು ಬಂದವು. ಮೂರರಿಂದ ಬರಲಿಲ್ಲ. ತಿಂಗಳ ಕೊನೆಯಲ್ಲಿ ಪವಿತ್ರಾ ಆ ಮೂರನ್ನು ಅಗೆದು ನೋಡುವುದೆಂದಾಗ ಮುನಿರತ್ನಮ್ಮ ತಾನೂ ಇರುತ್ತೇನೆಂದಳು. ಬೇಡವೆಂದರೂ ಕೇಳಲಿಲ್ಲ. ಹುಳುಗಳ ತಟ್ಟೆಯೊಂದನ್ನು ತಂದು, ಕುಗ್ಗಿ ಕಪ್ಪಾದ ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬೇರೆಯಾಗಿ ತಾನೇ ಜೋಡಿಸಿದಳು; ಬೆರಳು ತಾಗಿಸಿ ಎಣಿಸಿದಳು.

“ಐದು. ನಾಕು. ಆರು. ಬರ್ಕೊಳ್ಳಿ ಟೀಚರಮ್ಮ.”

ಬರೆದುಕೊಂಡೆ.

ಬಿಸಿಲು, ನೆರಳುಗಳ ಹೋಲಿಕೆಯನ್ನು ಪವಿತ್ರಾ ಕೈಬಿಡಬೇಕಾಯಿತು. ಅವಳು ಹಾಕಿಕೊಂಡಿದ್ದ ಮೂರು ಅಧ್ಯಾಯಗಳಲ್ಲಿ ಮುಖ್ಯವಾದುದು ಅದೇ. ಹೆಣ್ಣುಗಳು ಗೂಡಿನ ಜಾಗವನ್ನು ಹೇಗೆ ಆರಿಸುತ್ತವೆಂಬ ಭಾಗಕ್ಕೆ ಮಾತ್ರ ಯಾವ ಧಕ್ಕೆಯೂ ಇರಲಿಲ್ಲ. ಅದನ್ನೇ ಹಿಗ್ಗಿಸಿ ಬರೆದಳು. ಅವಧಿಯನ್ನು ಆರು ತಿಂಗಳು ವಿಸ್ತರಿಸಿಕೊಟ್ಟರು. ಪದವಿ ಬಂತು, ತಡವಾಗಿ, ಅವಳು ಬಯಸಿದ್ದಕ್ಕಿಂತ ಚಿಕ್ಕ ಪ್ರಬಂಧಕ್ಕೆ. ಈಗ ಅವಳು ಬೇರೊಂದು ಜಿಲ್ಲೆಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಆ ಪೆನ್ಸಿಲಿನ ವಿಷಯವನ್ನು ಅವಳು ಯಾರಿಗೂ ಹೇಳಿಲ್ಲವೆಂದು ನಂಬಿದ್ದೇನೆ. ನಾನು ಹೇಳಿದ್ದು ಇದೇ ಮೊದಲು.

ಪ್ರಬಂಧದ ಒಂದು ಪ್ರತಿಯನ್ನು ನಮಗೆ ಅಂಚೆಯಲ್ಲಿ ಕಳುಹಿಸಿದ್ದಳು. ಅದು ಇಂಗ್ಲಿಷಿನಲ್ಲಿತ್ತು. ನಾನು ಹುಳುಮನೆಗೆ ಒಯ್ದು, ನಮಗೆ ಸಂಬಂಧಿಸಿದ ಪುಟವನ್ನು ಹುಡುಕಿ, ಮುನಿರತ್ನಮ್ಮನಿಗೆ ಆಕೆಯ ಆಡುಮಾತಿನಲ್ಲಿಯೇ ಹೇಳಿದೆ. ಗಂಟಲು ಆಗ ಪೂರ್ತಿ ಸರಿಯಾಗಿತ್ತು. ಕೋಷ್ಟಕದಲ್ಲಿ ನಾಲ್ಕು ದಿನಗಳ ಮನೆಗಳು ಖಾಲಿಯಿದ್ದವು. ಕೆಳಗೆ ಎರಡು ವಾಕ್ಯಗಳು: ಈ ದಿನಗಳಲ್ಲಿ ಗೂಡುಗಳ ಮೇಲೆ ಹಸಿ ಗೋಣಿ ಹೊದಿಸಿ ದಿನಕ್ಕೆ ಮೂರು ಬಾರಿ ನೀರು ಹಾಕಲಾಗಿತ್ತು, ವಿವರ ಕೊಟ್ಟವರು ರೇಷ್ಮೆ ಬೆಳೆಗಾರ್ತಿ ಮುನಿರತ್ನಮ್ಮ.

ಆಕೆ ತನ್ನ ಹೆಸರಿರುವ ಜಾಗವನ್ನು ತೋರಿಸೆಂದು ಕೇಳಲಿಲ್ಲ.

“ಆ ಮೂರು ಮನೆ ಕೊಳೆತೋಗಿದ್ದು ಬರ್ದವ್ಳಾ?”

“ಬರೆದಿದ್ದಾಳೆ.”

“ಎಷ್ಟು ಅಂತ?”

“ಐದು, ನಾಲ್ಕು, ಆರು.”

“ಸರಿ ಹಂಗಾದ್ರೆ,” ಎಂದು ಮುನಿರತ್ನಮ್ಮ ಎದ್ದು, ಹನ್ನೊಂದು ಗಂಟೆಯ ಸೊಪ್ಪು ಹಾಕಲು ಒಳಗೆ ಹೋದಳು.